ಮೇ ತಿಂಗಳ ನೀರನ್ನು ಅಳೆಯುವವರು ಯಾರು?

(ಕಾಸರಗೋಡು ತಾಲೂಕಿನ ಒಂದು ಕಾಲೇಜಿನಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪ್ರದರ್ಶನ ಉದ್ಘಾಟಿಸಿ ಆಡಿದ ಮಾತುಗಳ ಬರಹ ರೂಪ. ಆವತ್ತು ಮೈಕ್ ಎರಡು ಸಲ ಕೈಕೊಟ್ಟಿತ್ತು. ಆಗ ಗಾಳಿಗೆ ಹೋದ ಮಾತುಗಳನ್ನು ಇಲ್ಲಿ ಸೇರಿಸಿದ್ದೇನೆ.)

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ತೋಟದ ಕೆಲಸ ಬಿಟ್ಟು ಬಂದಿರುವ ಹೆತ್ತವರೇ, ಮಕ್ಕಳೇ,

ಹತ್ತು ಗಂಟೆಗೆ ಬನ್ನಿ ಎಂದಿದ್ದರು, ನಾನು ಒಂಬತ್ತಕ್ಕೇ ಬಂದೆ. ರಿಬ್ಬನ್ ಕತ್ತರಿಸುವ ಮೊದಲು ಜನರಿಲ್ಲದ ಹೊತ್ತಿನಲ್ಲಿ ಎಲ್ಲವನ್ನೂ ಒಮ್ಮೆ ನೋಡಿಬಿಡೋಣ ಎಂದು. ಬಾಗಿಲಲ್ಲಿ ನಿಂತಿದ್ದ ಹುಡುಗ ಬಿಡಲಿಲ್ಲ. "ಉದ್ಘಾಟಕರು ಬರಬೇಕು ಸರ್" ಎಂದ. "ಆ ಉದ್ಘಾಟಕ ನಾನೇ ಮಾರಾಯ" ಎಂದರೆ ನನ್ನ ಮುಖ, ಚೀಲ, ಚಪ್ಪಲಿ ಎಲ್ಲವನ್ನೂ ಒಮ್ಮೆ ನೋಡಿ "ಹೌದಾ?" ಎಂದ. ಅವನನ್ನು ಬೈಯಬೇಡಿ. ಕೆಲಸ ಸರಿಯಾಗಿಯೇ ಮಾಡಿದ್ದಾನೆ.

ಒಟ್ಟು ಒಂದೂವರೆ ಗಂಟೆ ನೋಡಿದೆ. ಹೇಳುವುದನ್ನು ಮುಚ್ಚಿಟ್ಟುಕೊಳ್ಳುವ ಪ್ರಾಯ ನನ್ನದಲ್ಲ. ಸ್ಮಾರ್ಟ್ ಸಿಟಿಯ ಮಾದರಿ ಮೂರು ಉಂಟು. ಮೂರರಲ್ಲೂ ಥರ್ಮೋಕೋಲಿನ ಮೇಲೆ ಮೆಟ್ರೋ ಓಡುತ್ತದೆ, ಸಣ್ಣ ಬಲ್ಬುಗಳು ಮಿನುಗುತ್ತವೆ. ನಮ್ಮೂರಿನಲ್ಲಿ ಸಂಜೆ ಏಳರ ಮೇಲೆ ಬಸ್ಸು ಸಿಕ್ಕಿದರೆ ಪುಣ್ಯ. ಮಾಡಿದ ಮಕ್ಕಳು ಕಷ್ಟಪಟ್ಟಿದ್ದಾರೆ, ಅಂಟು ಹಾಕಿದ್ದು ಚೆನ್ನಾಗಿದೆ. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ, ಯಾಕೆಂದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಿಟಕಿ ಪಕ್ಕದ ಮೂಲೆಯ ಮೇಜು.

ಆ ಮೇಜಿನಲ್ಲಿ ಫ್ಲೆಕ್ಸ್ ಇಲ್ಲ, ಮಾದರಿ ಇಲ್ಲ. ಒಂದು ಕೊಡಪಾನ, ಒಂದು ಮೊಬೈಲು, ನೀರು ಬಿದ್ದು ಒಣಗಿ ಹಪ್ಪಳದ ಹಾಗೆ ಉಬ್ಬಿದ ಒಂದು ನೋಟ್‌ಬುಕ್ಕು. ಹಿಂದೆ ಮೂವರು ಹುಡುಗಿಯರು. ವಿಷಯ: ಸುರಂಗದ ನೀರು.

ಇಲ್ಲಿ ಕೂತವರಿಗೆ ಸುರಂಗ ಎಂದರೇನೆಂದು ಹೇಳಬೇಕಾಗಿಲ್ಲ. ಮುಂದೆ ಇದನ್ನು ಓದಬಹುದಾದ ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ಸುರಂಗವನ್ನು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುತ್ತಾರೆ. ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ಒಬ್ಬ ಮನುಷ್ಯ ಭುಜ ಒತ್ತಿಕೊಂಡು ಹೋಗುವಷ್ಟೇ ಅಗಲಕ್ಕೆ. ಕೊರೆಯುವವರು ಒಳಗೆ ಮೊಂಬತ್ತಿ ಉರಿಸಿಡುತ್ತಾರೆ. ಅದು ಕುಗ್ಗಿತೆಂದರೆ ಗಾಳಿ ಸಾಲದೆಂದು ಹೊರಗೆ ಬರುತ್ತಾರೆ. ಒರತೆ ಸಿಕ್ಕಿದರೆ ಅದೃಷ್ಟ. ನೀರು ತಾನಾಗಿ ಹರಿದು ಬರುತ್ತದೆ, ಪಂಪೂ ಬೇಡ ಕರೆಂಟೂ ಬೇಡ. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ತರುತ್ತಿದ್ದರು, ಈಗ ಪೈಪು. ಬಾಯಾರು, ಶೇಣಿ, ಪೆರ್ಲ ಕಡೆಗೆ ಹೋದರೆ ಇವತ್ತಿಗೂ ಇದೇ ನೀರು ಕುಡಿಯುವ ಮನೆಗಳುಂಟು.

ನಮ್ಮ ಜಿಲ್ಲೆಯ ಕಥೆ ವಿಚಿತ್ರ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮವು. ಆದರೂ ಮಾರ್ಚ್ ಕಳೆಯಿತೆಂದರೆ ಗುಡ್ಡದ ಮೇಲಿನ ಮನೆಗಳಲ್ಲಿ ನೀರಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಬಿದ್ದ ಮಳೆ ಹೆಚ್ಚಿನಂಶ ನಾಲ್ಕು ತಿಂಗಳಲ್ಲಿ ಸುರಿದು ಕಡಲು ಸೇರಿಬಿಡುತ್ತದೆ. ಮುರಕಲ್ಲು ನೀರು ಕುಡಿಯುವುದೂ ಬೇಗ, ಬಿಟ್ಟುಕೊಡುವುದೂ ಬೇಗ.

ಆ ಮೂವರು ಮಾಡಿದ್ದು ಇಷ್ಟು. ಡಿಸೆಂಬರಿನಿಂದ ಪ್ರತಿ ಭಾನುವಾರ ಬೆಳಗ್ಗೆ ಒಂದು ಸುರಂಗದ ಪೈಪಿನ ಬಾಯಿಗೆ ಕೊಡಪಾನ ಹಿಡಿಯುವುದು, ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡುವುದು, ಬರೆಯುವುದು. ಮೂರು ಸಲ ಹಿಡಿದು ಸರಾಸರಿ. ನಾನು ಭೌತಶಾಸ್ತ್ರ ಕಲಿಸಿದವನು, ಹಳೆ ಚಾಳಿ ಬಿಡುವುದಿಲ್ಲ. "ಕೊಡಪಾನ ಎಷ್ಟು ಲೀಟರಿನದ್ದು?" ಎಂದು ಕೇಳಿದೆ. ಮೂವರಲ್ಲಿ ಸಣ್ಣಗೆ ಇದ್ದವಳು ಹೇಳಿದಳು: "ಹತ್ತು ಲೀಟರು ಅಂತ ಅಂಗಡಿಯವರು ಹೇಳಿದ್ದಂತೆ ಸರ್. ನಾವು ಹಾಲು ಅಳೆಯುವ ಲೀಟರಿನಲ್ಲಿ ಅಳೆದು ನೋಡಿದೆವು. 9.6 ಉಂಟು."

ನಾನು ಅಲ್ಲೇ ಇದ್ದ ಸ್ಟೂಲಿನಲ್ಲಿ ಕೂತೆ.

ಲೆಕ್ಕ ನೋಡಿ. ಒಂದು ದಿನದ ಅಳತೆಯಲ್ಲಿ ಕೊಡಪಾನ 40 ಸೆಕೆಂಡಿಗೆ ತುಂಬಿದೆ. ಹತ್ತು ಲೀಟರು ಎಂದು ಹಿಡಿದರೆ ನಿಮಿಷಕ್ಕೆ 15 ಲೀಟರು, ದಿನಕ್ಕೆ 21,600. ನಿಜವಾದ 9.6 ಹಿಡಿದರೆ ನಿಮಿಷಕ್ಕೆ 14.4, ದಿನಕ್ಕೆ 20,736. ವ್ಯತ್ಯಾಸ 864 ಲೀಟರು. ಆ ಸುರಂಗ ಒಂದು ಗಂಟೆಯಲ್ಲಿ ಕೊಡುವ ನೀರೂ ಸರಿಯಾಗಿ 864 ಲೀಟರೇ. ಅಂದರೆ ಅಂಗಡಿಯವರ ಮಾತು ನಂಬಿದ್ದರೆ, ಇಲ್ಲದ ಒಂದು ಗಂಟೆಯ ನೀರನ್ನು ಇವರು ದಿನಾಲೂ ಆ ಮನೆಯವರ ಲೆಕ್ಕಕ್ಕೆ ಬರೆಯುತ್ತಿದ್ದರು. ಕಾಲೇಜಿನ ಲ್ಯಾಬಿನಲ್ಲಿ ಮೂರು ದಶಕ ನಾನು "ಇನ್ಸ್ಟ್ರುಮೆಂಟಿನ ದೋಷ ಮೊದಲು ನೋಡಿ" ಎಂದು ಬಾಯಿ ಒಣಗಿಸಿಕೊಂಡಿದ್ದೇನೆ. ಕೊಡಪಾನವೂ ಒಂದು ಇನ್ಸ್ಟ್ರುಮೆಂಟು ಎಂದು ಈ ಮಕ್ಕಳಿಗೆ ಯಾರು ಹೇಳಿಕೊಟ್ಟರೋ, ಅವರಿಗೆ ನನ್ನ ನಮಸ್ಕಾರ.

ನೋಟ್‌ಬುಕ್ಕು ತಿರುವಿದೆ. ಕೊನೆಯ ಅಳತೆ ಫೆಬ್ರವರಿಯ ಮೂರನೇ ಭಾನುವಾರದ್ದು.

"ಮತ್ತೆ?" ಎಂದೆ.

"ಮತ್ತೆ ಸಬ್‌ಮಿಷನ್ ಸರ್."

"ಎಪ್ರಿಲು, ಮೇ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. "ಎಪ್ರಿಲಿನಲ್ಲಿ ನಾವು ಇಲ್ಲಿ ಇರುವುದಿಲ್ಲ ಅಲ್ವಾ ಸರ್."

ಇವತ್ತು ನಾನು ಹೇಳಬೇಕೆಂದಿದ್ದ ಮಾತು ಆ ಹುಡುಗಿಯ ಬಾಯಲ್ಲೇ ಬಂತು. ಸುರಂಗದ ನೀರು ಅಳೆಯಬೇಕಾದ್ದು ಅದು ಬತ್ತುವ ತಿಂಗಳಲ್ಲಿ. ನಮ್ಮ ಪ್ರಾಜೆಕ್ಟು ಮುಗಿಯುವುದು ಅದಕ್ಕೂ ಎರಡು ತಿಂಗಳು ಮೊದಲು. ವಿಶ್ವವಿದ್ಯಾನಿಲಯದ ವರ್ಷ ಬೇರೆ, ಊರಿನ ವರ್ಷ ಬೇರೆ. ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ.

ಇನ್ನೊಂದು ಮೇಜಿನಲ್ಲೂ ಇದೇ ಆಯಿತು. ರಸಾಯನಶಾಸ್ತ್ರದವರು ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಮೇಲೆ ಕೆಲಸ ಮಾಡಿದ್ದಾರೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು. ಅಡಿಕೆ ತೋಟ ಇದ್ದವರ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಹುಡುಗಿ ಪಿಎಚ್ ಮೀಟರ್ ಹಿಡಿದು ಇಂಗ್ಲಿಷಿನಲ್ಲಿ ಸರಾಗವಾಗಿ ವಿವರಿಸುತ್ತಿದ್ದಳು. ಎದುರಿಗೆ ಅಜ್ಜ ಒಬ್ಬರು, ಯಾರದೋ ಮನೆಯವರು, ಹೆಗಲಲ್ಲಿ ಬೈರಾಸು, ಸುಮ್ಮನೆ ಕೇಳುತ್ತಿದ್ದರು. ಅವಳು ನಿಲ್ಲಿಸಿದ ಮೇಲೆ ತುಳುವಿನಲ್ಲಿ ಕೇಳಿದರು: "ಮಗಳೇ, ಸುಣ್ಣ ಸಾಕಾಗಿದೆಯೋ ಇಲ್ಲವೋ ಅಂತ ಇದರಲ್ಲಿ ಗೊತ್ತಾಗುತ್ತದಾ? ನಾವು ಕತ್ತಿ ಅದ್ದಿ ನೋಡುವುದು."

ಕತ್ತಿಗಾಗಿ ಹುಡುಕಾಟ ಶುರುವಾಯಿತು. ಕ್ಯಾಂಟೀನಿನ ಸ್ಟೀಲ್ ಚೂರಿ ಆಗುವುದಿಲ್ಲ ಎಂದರು ಅಜ್ಜ. ಕಬ್ಬಿಣದ್ದೇ ಆಗಬೇಕು. ವಾಚ್‌ಮ್ಯಾನಿನ ಹತ್ತಿರ ಹುಲ್ಲು ಸವರುವ ಹಳೆ ಕತ್ತಿ ಒಂದಿತ್ತು. ಅದನ್ನು ಹೊಯಿಗೆಯಲ್ಲಿ ತಿಕ್ಕಿ ಹೊಳಪು ಬರಿಸಿ, ಸುಣ್ಣ ಬೇಕೆಂದೇ ಕಡಿಮೆ ಹಾಕಿದ ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ತುದಿಗೆ ಕೆಂಪು ಬಂದಿತ್ತು, ತಾಮ್ರದ ಕೆಂಪು. ಸುಣ್ಣ ಸಾಲದೆ ಉಳಿದ ತಾಮ್ರ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ. ಆ ಮದ್ದನ್ನು ಹಾಗೇ ಬಿಟ್ಟರೆ ಗೊನೆ, ಸೋಗೆ ಸುಡುತ್ತದೆ. ಸುಣ್ಣ ಸೇರಿಸಿದರು, ಕಲಕಿದರು, ಮತ್ತೆ ತಿಕ್ಕಿ ಅದ್ದಿದರು. ಈ ಸಲ ಕತ್ತಿ ಬೆಳ್ಳಗೇ ಬಂತು. ಹುಡುಗಿ ಎರಡು ಸಲವೂ ಮೀಟರ್ ನೋಡಿ ಅಂಕಿ ಬರೆದುಕೊಂಡಳು. ಆ ಮೀಟರಿನ ಮೇಲೆ ಅಜ್ಜನಿಗೂ ಸ್ವಲ್ಪ ಗೌರವ ಬಂದ ಹಾಗೆ ಕಂಡಿತು.

ಅವಳು ಆಗ ಇಂಗ್ಲಿಷು ಬಿಟ್ಟು ತುಳುವಿಗೆ ಇಳಿದಿದ್ದಳು. ಇಂಗ್ಲಿಷಿನಲ್ಲಿ ಹೇಳುವಾಗ ಎಲ್ಲಿಯೂ ತಡವರಿಸದವಳು ತುಳುವಿನಲ್ಲಿ ನಿಂತು ನಿಂತು ಹೇಳಿದಳು. ಮೊದಲಿನದ್ದು ಬಾಯಿಪಾಠ, ಎರಡನೆಯದ್ದು ಯೋಚನೆ. ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ರಿಪೋರ್ಟು ಇಂಗ್ಲಿಷಿನಲ್ಲಿ ಇರಲಿ, ಕೆಲಸ ಹುಡುಕುವವರಿಗೆ ಅದು ಬೇಕು. ಆದರೆ ಮೇಜಿನ ಎದುರು ಬಂದು ನಿಲ್ಲುವವರು ಕನ್ನಡದವರು, ತುಳುವರು, ಮಲಯಾಳದವರು, ಬ್ಯಾರಿಗಳು, ಕೊಂಕಣಿಯವರು. ಅವರಿಗೆ ಅರ್ಥವಾಗುವ ಹಾಗೆ ಹೇಳಲು ಹೊರಟಾಗ ನಮಗೇ ಎಲ್ಲಿ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದೆ.

ಹೋಗುವಾಗ ಅಜ್ಜ ಕೊನೆಯ ಪ್ರಶ್ನೆ ಕೇಳಿದರು. "ಮದ್ದು ಬಿಟ್ಟ ಮರುದಿನವೇ ಜಡಿಮಳೆ ಹಿಡಿದರೆ ಎಷ್ಟು ನಿಲ್ಲುತ್ತದೆ ಇದು?" ಉತ್ತರ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಮದ್ದು ಬಿಡುವುದು ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ನಲುವತ್ತು ನಲುವತ್ತೈದು ದಿನ ಕಳೆದು ಇನ್ನೊಮ್ಮೆ. ಮಹಾಳಿ, ಅಂದರೆ ಆ ಕೊಳೆರೋಗ, ಬರುವುದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ. ಆಗ ಈ ಹುಡುಗಿ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾಳೆ, ಹೊಸಬರಿಗೆ ಅಡ್ಮಿಷನ್ ಗಡಿಬಿಡಿ.

ಈಗ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಕೆಲಸಕ್ಕಿದ್ದ ಕಾಲೇಜಿನಲ್ಲಿ, ಅದರ ಹೆಸರು ಬೇಡ, ನಮ್ಮ ವಿಭಾಗವನ್ನು ಹಳೆ ಕಟ್ಟಡದಿಂದ ಹೊಸದಕ್ಕೆ ಬದಲಾಯಿಸಿದರು. ಎರಡು ಕಪಾಟು ತುಂಬ ಹಳೆಯ ಪ್ರಾಜೆಕ್ಟ್ ರಿಪೋರ್ಟುಗಳು. ಕಪ್ಪು ರೆಕ್ಸಿನ್ ಬೈಂಡು, ಬೆನ್ನಿನಲ್ಲಿ ಚಿನ್ನದ ಬಣ್ಣದ ಅಕ್ಷರ. ಕೆಳಗಿನ ಸಾಲಿಗೆ ಒರಲೆ ಹಿಡಿದಿತ್ತು. ಹೊಸ ಕೋಣೆಯಲ್ಲಿ ಜಾಗ ಕಡಿಮೆ. ಗುಜರಿಯವನು ಬಂದ, ತಕ್ಕಡಿ ಇಟ್ಟ, ತೂಗಿದ. ಕೊಡಬಹುದೆಂದು ಸಹಿ ಹಾಕಿದವನು ನಾನೇ. ಬಂದ ದುಡ್ಡಿನಲ್ಲಿ ಎಲ್ಲರೂ ಚಾ, ಗೋಳಿಬಜೆ ತಿಂದೆವು.

ಎರಡು ವರ್ಷ ಕಳೆದಿರಬೇಕು. ಒಬ್ಬ ಹುಡುಗ ಬಂದ. ಅವನ ಊರಿನ ಬಾವಿಗಳ ನೀರಿನ ಮಟ್ಟ ನೋಡಬೇಕೆಂದಿದ್ದ. "ಮೊದಲು ಯಾರಾದರೂ ಅಳೆದದ್ದು ಉಂಟಾ ಸರ್? ಹೋಲಿಸಲಿಕ್ಕೆ" ಎಂದು ಕೇಳಿದ. ಉಂಟು. ಅಂದರೆ, ಇತ್ತು. ಹತ್ತು ಹನ್ನೆರಡು ವರ್ಷ ಮೊದಲು ಒಂದು ತಂಡ ಅದೇ ಊರಿನ ಬಾವಿಗಳಿಗೆ ಹಗ್ಗ ಇಳಿಸಿ ಅಳೆದಿತ್ತು. ಮನೆಯ ಹೆಸರು, ಬಾವಿಯ ಆಳ, ತಿಂಗಳು ಎಲ್ಲ ಬರೆದಿತ್ತು. ಅವರಿಗೆ ಮಾರ್ಗದರ್ಶನ ಮಾಡಿದವನು ನಾನೇ. ಗೋಳಿಬಜೆ ತಿಂದವನೂ ನಾನೇ. ಆ ಹುಡುಗನಿಗೆ "ಇಲ್ಲ ಮಗಾ" ಎಂದೆ. ಯಾಕೆ ಇಲ್ಲ ಎಂದು ಹೇಳಲಿಲ್ಲ. ಅವನು ಮತ್ತೆ ಮೊದಲಿನಿಂದ ಅಳೆದ, ಒಳ್ಳೆಯ ಮಾರ್ಕೂ ಬಂತು. ಹತ್ತು ವರ್ಷದಲ್ಲಿ ಆ ಊರಿನ ನೀರು ಎಷ್ಟು ಇಳಿಯಿತೆಂದು ಮಾತ್ರ ಅವನಿಗೂ ಗೊತ್ತಾಗಲಿಲ್ಲ, ನನಗೂ ಇಲ್ಲ, ಊರಿಗೂ ಇಲ್ಲ.

ಅದಕ್ಕೇ ಹೇಳುವುದು. ಒಳ್ಳೆಯ ಪ್ರಾಜೆಕ್ಟು ಯಾವುದೆಂದು ತೀರ್ಪುಗಾರರು ಇವತ್ತು ಹುಡುಕುತ್ತೀರಲ್ಲ, ಮುಂದಿನ ವರ್ಷದವನು ಯಾವುದನ್ನು ಹಿಡಿದು ಶುರು ಮಾಡಬಹುದು ಎಂದು ಒಮ್ಮೆ ಕೇಳಿಕೊಳ್ಳಿ.

ಇದು ನಮ್ಮ ನೆಲಕ್ಕೆ ಹೊಸ ವಿದ್ಯೆಯಲ್ಲ. 1916ರಲ್ಲಿ ಮದ್ರಾಸು ಸರಕಾರ ಕಾಸರಗೋಡು, ನೀಲೇಶ್ವರ, ಪಿಲಿಕ್ಕೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರಗಳನ್ನು ತೆರೆಯಿತು. ಕಾಸರಗೋಡಿನದ್ದೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆದದ್ದು. 1932ರಲ್ಲಿ ನೀಲೇಶ್ವರದಲ್ಲಿ ಉದ್ದ ತಳಿಗೂ ಗಿಡ್ಡ ತಳಿಗೂ ಪರಾಗ ಕೂಡಿಸಿ ತೆಂಗಿನ ಮೊದಲ ಮಿಶ್ರತಳಿ ಮಾಡಿದರು. ತೆಂಗು ಎಂದರೆ ಬೆಂಡೆಕಾಯಿ ಅಲ್ಲ. ಕಾಯಿ ಬಲಿಯಲು ಒಂದು ವರ್ಷ, ಸಸಿ ಏಳಲು ತಿಂಗಳುಗಟ್ಟಲೆ, ಮರ ಫಲ ಬಿಡಲು ಮತ್ತೆ ವರ್ಷಗಳು. ಅಲ್ಲಿ ಲೆಕ್ಕ ಬರೆಯುವ ಕೈ ಬದಲಾಗಬಹುದು, ಮರದ ನಂಬ್ರ ಬದಲಾಗಬಾರದು. ಆರು ತಿಂಗಳ ಸೆಮಿಸ್ಟರಿನಲ್ಲಿ ತೆಂಗಿನ ಬಗ್ಗೆ ಹೇಳಲು ಏನು ಸಿಗುತ್ತದೆ? ಎಲೆ ಎಣಿಸಬಹುದು, ಅಷ್ಟೆ.

ಇನ್ನೊಂದು ಉದಾಹರಣೆ ನಮ್ಮ ಎದೆಗೆ ಹತ್ತಿರದ್ದು. 1970ರ ದಶಕದ ಕೊನೆಯಿಂದ 2000ದ ವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಚಿಮುಕಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆಯವರು ಈ ಸಭೆಯಲ್ಲೂ ಇದ್ದೀರಿ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿತು. ಆದರೆ ಕಥೆ ಕೋರ್ಟಿನಲ್ಲಿ ಶುರುವಾದದ್ದಲ್ಲ. ಸ್ವರ್ಗದ ಕಡೆಯ ವೈದ್ಯರೊಬ್ಬರು ಒಂದೇ ಊರಿನಲ್ಲಿ ಇಷ್ಟು ಮನೆಗಳಲ್ಲಿ ಇಂಥ ಕಾಯಿಲೆ ಯಾಕೆ ಎಂದು ಸಂಶಯಪಟ್ಟರು, ತಮ್ಮ ರೋಗಿಗಳ ಲೆಕ್ಕ ಬರೆದಿಟ್ಟರು. ಯಾವ ಮನೆ, ಯಾರಿಗೆ, ಏನು. ಅದಕ್ಕೆ ಯಾರೂ ಮಾರ್ಕು ಕೊಡುವವರಿರಲಿಲ್ಲ. ಆ ಲೆಕ್ಕವನ್ನು ಗುಜರಿಗೆ ಹಾಕಿದ್ದರೆ? ನನಗೆ ಆ ಯೋಚನೆ ಬಂದಾಗೆಲ್ಲ ನನ್ನ ಸಹಿ ನೆನಪಾಗುತ್ತದೆ.

ಕನ್ನಡ ವಿಭಾಗದವರನ್ನು ಬಿಟ್ಟರೆ ಅವರು ನನ್ನನ್ನು ಬಿಡಲಿಕ್ಕಿಲ್ಲ. ಒಬ್ಬ ಹುಡುಗ ಊರ ಹೆಸರಿನ ಬೋರ್ಡುಗಳ ಫೋಟೋ ತೆಗೆದು ಗೋಡೆ ತುಂಬ ಹಚ್ಚಿದ್ದಾನೆ. ತುಳು, ಕನ್ನಡದ ಹೆಸರುಗಳು ಬೋರ್ಡಿನಲ್ಲಿ ಮಲಯಾಳದ ರೂಪ ತಾಳಿವೆ: ಪಿಲಿಕುಂಜೆ ಎಂಬುದು ಪುಲಿಕುನ್ನು, ಬೇಡಡ್ಕ ಎಂಬುದು ಬೇಡಗಂ, ಕಾರಡ್ಕ ಎಂಬುದು ಕಾಡಗಂ. ತುಳುವಿನ ಪಿಲಿಯೂ ಹುಲಿಯೇ, ಮಲಯಾಳದ ಪುಲಿಯೂ ಹುಲಿಯೇ, ಹುಲಿಗೆ ನಷ್ಟವಿಲ್ಲ. ಆದರೆ 'ಅಡ್ಕ' ಎಂದರೆ ಗುಡ್ಡದ ಮೇಲಿನ ಬಯಲು, ನೀರಿಲ್ಲದ ನೆಲ. ಆ ಹೆಸರು ಹೋದರೆ ನೆಲದ ಗುಣ ಹೇಳುತ್ತಿದ್ದ ಒಂದು ಮಾತೇ ಹೋಗುತ್ತದೆ. ಇದನ್ನು ಜಗಳದ ವಿಷಯ ಮಾಡದೆ ಅವನು ಫೋಟೋ ತೆಗೆದಿದ್ದಾನೆ, ಅದು ನನಗೆ ಹಿಡಿಸಿತು. ಒಂದೇ ಕೊರತೆ: ಯಾವ ಫೋಟೋದ ಕೆಳಗೂ ತಾರೀಕಿಲ್ಲ. ಮಗಾ, ಇವತ್ತು ಸಂಜೆಯೊಳಗೆ ಬರೆ. ಬೋರ್ಡು ಬದಲಾಗುತ್ತಾ ಇರುತ್ತದೆ. ತಾರೀಕಿಲ್ಲದ ಫೋಟೋ ಹತ್ತು ವರ್ಷದ ಮೇಲೆ ಬರೀ ಚಿತ್ರ.

ಸೋತದ್ದರ ಬಗ್ಗೆ ಒಂದು ಮಾತು. ಅಡಿಕೆ ಒಣಗಿಸುವ ಸೋಲಾರ್ ಗೂಡು ಮಾಡಿದ ನಾಲ್ವರು ಹುಡುಗರಿದ್ದಾರೆ. ಅಂಗಳದ ಬಿಸಿಲಿನಲ್ಲಿ ಅಡಿಕೆ ಒಣಗಲು ನಲುವತ್ತರ ಮೇಲೆ ದಿನ ಬೇಕು. ಇವರ ಗೂಡಿನಲ್ಲಿ ಬೇಗ ಒಣಗುತ್ತದೆ ಎಂದು ಗ್ರಾಫು ಹೇಳುತ್ತದೆ. ನಾನು ಗೂಡಿನ ಕೆಳಗಿನ ತಟ್ಟೆ ಎಳೆದು ನೋಡಿದೆ. ಬೂಷ್ಟು ಹಿಡಿದ ಅಡಿಕೆ! ಹುಡುಗರ ಮುಖ ಆ ಅಡಿಕೆಗಿಂತ ಕಪ್ಪಾಯಿತು. ಮೇಲಿನ ತಟ್ಟೆಯ ತೇವವೆಲ್ಲ ಇಳಿದು ಕೆಳಗೆ ಕೂತಿದೆ, ಗಾಳಿ ಹೊರಗೆ ಹೋಗುವ ದಾರಿ ಸಾಲದು. ಅದು ರಿಪೋರ್ಟಿನಲ್ಲಿ ಇಲ್ಲ. ಯಾಕೆ ಇಲ್ಲ ಎಂದು ಗದರಿಸಲು ನನಗೆ ನಾಲಿಗೆ ಬರಲಿಲ್ಲ, ಯಾಕೆಂದರೆ ಹಾಗೆ ಬರೆದಿದ್ದರೆ ನಾವೇ ಮಾರ್ಕು ಕತ್ತರಿಸುತ್ತಿದ್ದೆವು. ತೀರ್ಪುಗಾರರೇ, ಆ ಕೆಳಗಿನ ತಟ್ಟೆಯನ್ನು ಮೇಜಿನ ಮೇಲೆ ಇಡಲು ಹೇಳಿ, ಅದಕ್ಕೂ ಮಾರ್ಕು ಕೊಡಿ. ಮುಂದಿನ ವರ್ಷ ಗೂಡು ಕಟ್ಟುವವನಿಗೆ ಬೇಕಾದ್ದು ಅದು. ಇಲ್ಲದಿದ್ದರೆ ಅವನೂ ಅದೇ ಗೂಡು ಕಟ್ಟುತ್ತಾನೆ, ಅವನ ಅಡಿಕೆಗೂ ಬೂಷ್ಟು ಬರುತ್ತದೆ, ಅವನೂ ತಟ್ಟೆ ಒಳಗೆ ತಳ್ಳುತ್ತಾನೆ.

2024ರ ಜುಲೈಯಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾಗಿದೆ. ನಾಲ್ಕನೇ ವರ್ಷ ಉಳಿಯುವವರಿಗೆ ಸಂಶೋಧನೆಯ ದಾರಿಯೂ ಉಂಟು. ಒಂದು ವರ್ಷ ಹೆಚ್ಚು ಸಿಕ್ಕಿತು, ಅಂದರೆ ಒಂದು ಮೇ ತಿಂಗಳು ಹೆಚ್ಚು ಸಿಕ್ಕಿತು ಎಂದು ನಾನು ಲೆಕ್ಕ ಹಾಕುವುದು. ಆದರೆ ಅಷ್ಟು ಸಾಲದು. ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಸಣ್ಣದು. ಟ್ರೋಫಿ ಇಡುವ ಗಾಜಿನ ಕಪಾಟಿನ ಒಂದು ಸಾಲು ಖಾಲಿ ಮಾಡಿಸಿ. ಕಚ್ಚಾ ನೋಟ್‌ಬುಕ್ಕುಗಳನ್ನು ಅಲ್ಲಿ ಇಡಿ. ಕಪ್ಪು ಬೈಂಡು ಅಲ್ಲ, ನೀರು ಬಿದ್ದು ಉಬ್ಬಿದ ನೋಟ್‌ಬುಕ್ಕು. ಕೀಲಿಕೈ ಎರಡನೇ ವರ್ಷದ ಯಾರಾದರೊಬ್ಬರ ಕೈಯಲ್ಲಿ ಇರಲಿ, ನಮ್ಮಂಥವರ ಕೈಯಲ್ಲಿ ಬೇಡ. ನಾವು ಸಹಿ ಹಾಕಿಬಿಡುತ್ತೇವೆ.

ಮೈಕ್ ಮೂರನೇ ಸಲ ಹೋಗುವ ಮೊದಲು ನಿಲ್ಲಿಸುತ್ತೇನೆ. ನಮಸ್ಕಾರ.

(ಇಷ್ಟು ಹೇಳಿ ಇಳಿದೆ. ಊಟಕ್ಕೆ ಹೋಗುವ ಮೊದಲು ಮತ್ತೊಮ್ಮೆ ಸುರಂಗದ ಮೇಜಿಗೆ ಹೋದೆ. ಎರಡನೇ ವರ್ಷದ ಇಬ್ಬರು ಹುಡುಗರು ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆಯುತ್ತಿದ್ದರು. ಅದರಲ್ಲಿ ಒಬ್ಬನ ಮನೆ ಆ ಸುರಂಗದಿಂದ ಎರಡು ಗುಡ್ಡ ಆಚೆಯಂತೆ; ಭಾನುವಾರ ಹೋಗಲು ಬೈಕು ಉಂಟಂತೆ. ಸುರಂಗದ ಮನೆಯ ಅಜ್ಜಿಯೂ ಪ್ರದರ್ಶನಕ್ಕೆ ಬಂದಿದ್ದರು. ಅವರ ಒಪ್ಪಿಗೆ ಕೇಳಿದರು. ಅಜ್ಜಿ ಕೊಡಪಾನವನ್ನು ಎತ್ತಿ, ಬೆಳಕಿಗೆ ತಿರುಗಿಸಿ, ಹೊಟ್ಟೆಯ ಹತ್ತಿರ ಒಂದು ಜಾಗ ತೋರಿಸಿದರು.

"ಬನ್ನಿ, ಅದಕ್ಕೇನಂತೆ. ಆದರೆ ಪಾತ್ರ ನಿಮ್ಮದೇ ತನ್ನಿ ಮಕ್ಕಳೇ. ಇದನ್ನು ಇವತ್ತು ಬಸ್ಸಿನಲ್ಲಿ ತರುವಾಗ ನೆಗ್ಗಿಸಿದ್ದಾರೆ ನೋಡಿ ಈ ಹುಡುಗಿಯರು."

ಸಣ್ಣಗಿನ ಹುಡುಗಿ ಆಗಲೇ ಹಾಲಿನ ಲೀಟರು ಹುಡುಕಲು ಹೊರಟಿದ್ದಳು.)